ಅಳಿವೆಯ ಆಳ ಅಳೆಯುವವರು ಯಾರು?

ನಮ್ಮ ಮೀನುಗಾರಿಕಾ ಬಂದರುಗಳ ನಿರ್ವಹಣೆಯಲ್ಲಿ ಎತ್ತಿದ ಹೂಳಿಗೆ ಲೆಕ್ಕ ಇದೆ, ಉಳಿದ ಆಳಕ್ಕಿಲ್ಲ. ಇಷ್ಟು ಘನ ಮೀಟರ್ ಮರಳು ತೆಗೆದದ್ದಾಯಿತು ಎಂದರೆ ಬಿಲ್ಲು ಪಾಸಾಗುತ್ತದೆ, ಕಡತ ಮುಚ್ಚುತ್ತದೆ. ಇಳಿತದ ಹೊತ್ತಿಗೆ ಮೀನು ತುಂಬಿಕೊಂಡು ಬರುವ ಟ್ರಾಲ್‌ಬೋಟಿನ ತಾಂಡೇಲನಿಗೆ ಬೇಕಾದದ್ದು ಬೇರೆ: ಇವತ್ತು ಅಳಿವೆ ಬಾಗಿಲಲ್ಲಿ ಎಷ್ಟು ನೀರಿದೆ?

ಮಲ್ಪೆ, ಮಂಗಳೂರು, ಗಂಗೊಳ್ಳಿ, ಹೊನ್ನಾವರ, ಎಲ್ಲವೂ ಹೊಳೆ ಕಡಲು ಸೇರುವ ಜಾಗದ ಬಂದರುಗಳೇ. ಮಳೆಗಾಲದಲ್ಲಿ ಹೊಳೆ ಮಣ್ಣು ತರುತ್ತದೆ, ಅಲೆಗಳು ದಡದುದ್ದಕ್ಕೂ ಮರಳು ಸಾಗಿಸುತ್ತವೆ, ಅಳಿವೆಯ ದಿಬ್ಬ ಜಾಗ ಬದಲಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದು ಮುಗಿದು ಬೋಟುಗಳು ಇಳಿಯುವಾಗ ಎದುರಿಗಿರುವುದು ಮೇ ತಿಂಗಳಲ್ಲಿ ಬಿಟ್ಟುಹೋದ ಅಳಿವೆಯಲ್ಲ. ತಪಾಸಣೆಗೆ ಇದಕ್ಕಿಂತ ಸೂಕ್ತ ಕಾಲವಿಲ್ಲ. ಹೂಳೆತ್ತುವ ಕೆಲಸ ಮಾತ್ರ ಟೆಂಡರು, ಅನುದಾನಗಳ ಪಂಚಾಂಗ ನೋಡಿಕೊಂಡು ಬರುತ್ತದೆ. ತಡೆಗೋಡೆ ಇದೆಯಲ್ಲ ಎಂದು ಸುಮ್ಮನಿರುವಂತೆಯೂ ಇಲ್ಲ. 2020ರ ಆಗಸ್ಟ್‌ನಲ್ಲಿ ಬೈಂದೂರು ಬಳಿಯ ಕೊಡೇರಿಯಲ್ಲಿ ನಾಡದೋಣಿ ಮಗುಚಿ ನಾಲ್ವರು ತೀರಿಕೊಂಡರು. ಅಲ್ಲಿ ಕಡಲಿಗೆ ಚಾಚಿದ ಕಲ್ಲಿನ ತಡೆಗೋಡೆ ಇತ್ತು. ತಡೆಗೋಡೆ ಕಟ್ಟಿದರೆ ಬಂದರು ಸುರಕ್ಷಿತ ಎಂಬ ನಂಬಿಕೆಯನ್ನೇ ಆ ಸಾವುಗಳು ಪ್ರಶ್ನಿಸುತ್ತವೆ.

ಮೀನು ಇಳಿಸುವ ಜಟ್ಟಿಯ ವಿಷಯಕ್ಕೆ ಬಂದರೆ, ಮೇಲೆ ನಿಂತು ನೋಡಿದವರಿಗೆ ಏನೂ ತಿಳಿಯದು. ಇಳಿತದಲ್ಲಿ ದೋಣಿಯಲ್ಲಿ ಕೂತು ಅಡಿಯಿಂದ ನೋಡಬೇಕು. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವೆ ಕಂಬ ದಿನಕ್ಕೆರಡು ಸಲ ನೆನೆದು ಒಣಗುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಸರಳನ್ನು ಮುಟ್ಟಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಮೊದಲು ಕಂದುಬಣ್ಣದ ಕಲೆ, ಆಮೇಲೆ ಸರಳಿನ ಗುಂಟ ಕೂದಲೆಳೆಯ ಬಿರುಕು, ಕೊನೆಗೆ ಹಪ್ಪಳದಂತೆ ಕಳಚುವ ಹೊರಪದರ. ಕಲೆಯ ಹಂತದಲ್ಲಿ ಕಂಡರೆ ಸಣ್ಣ ಖರ್ಚು, ಕಳಚಿದ ಮೇಲೆ ಹೊಸ ಜಟ್ಟಿಯ ಖರ್ಚು. ಕಂಬದ ಬುಡದಲ್ಲೇ ಅಳತೆಯಿಲ್ಲದೆ ಹೂಳು ತೋಡಿದರೆ ನೆಲದ ಹಿಡಿತವೂ ಹೋಗುತ್ತದೆ. ಗಂಗೊಳ್ಳಿಯಲ್ಲಿ ಜಟ್ಟಿಯ ಒಂದು ಭಾಗ ಕುಸಿದ ಮೇಲೆ ಮೀನು ಇಳಿಸುವವರು ಪಟ್ಟ ಪಾಡನ್ನು ಕರಾವಳಿ ಮರೆತಿಲ್ಲ.

ಅದೇ ಗಂಗೊಳ್ಳಿಯಲ್ಲಿ 2023ರ ನವೆಂಬರ್‌ನಲ್ಲಿ, ದೀಪಾವಳಿಯ ಹೊತ್ತಿಗೆ, ಬೆಂಕಿ ಬಿದ್ದು ಹಲವು ಬೋಟುಗಳು ಸುಟ್ಟುಹೋದವು. ಮರ, ಫೈಬರ್, ಡೀಸೆಲ್, ಬಲೆ ಒತ್ತೊತ್ತಾಗಿ ನಿಂತ ಕಡೆ ಬೆಂಕಿಗೆ ದಾರಿ ಹುಡುಕಬೇಕಾಗಿಲ್ಲ. ಬೋಟುಗಳ ನಡುವೆ ಜಾಗ ಎಷ್ಟು, ಅಗ್ನಿಶಾಮಕ ವಾಹನ ಎಲ್ಲಿಯವರೆಗೆ ಬರಬಹುದು ಎಂಬುದೂ ಬಂದರಿನ ಸುರಕ್ಷತೆಯೇ.

ಬ್ರಿಟನ್ನಿನಲ್ಲಿ ಬಂದರು ಸುರಕ್ಷತೆಯ ಹೊಣೆ ನಿಗದಿಪಡಿಸುವತ್ತ ತಿರುವು ಕೊಟ್ಟದ್ದು ಒಂದು ದೊಡ್ಡ ಅವಘಡ. 1996ರ ಫೆಬ್ರುವರಿಯಲ್ಲಿ ‘ಸೀ ಎಂಪ್ರೆಸ್’ ಟ್ಯಾಂಕರ್ ವೇಲ್ಸ್‌ನ ಮಿಲ್ಫರ್ಡ್ ಹೇವನ್ ಬಾಗಿಲಲ್ಲಿ ಬಂಡೆಗೆ ಬಡಿದು ಸುಮಾರು 72,000 ಟನ್ ಕಚ್ಚಾತೈಲ ಕಡಲಿಗೆ ಚೆಲ್ಲಿತು. ಅದರ ಬೆನ್ನಿಗೆ, 2000ದಲ್ಲಿ, ಬಂದರು ಸುರಕ್ಷತಾ ಸಂಹಿತೆ ಬಂತು. ಅದು ಕಾನೂನಲ್ಲ, ಅದರ ದೌರ್ಬಲ್ಯವೂ ಅದೇ. ಆದರೂ ಸಣ್ಣ ಬಂದರುಗಳನ್ನೂ ಹೊರಗಿಡದ ಆ ಸಂಹಿತೆ ಹೊಣೆ ಯಾರದೆಂದು ಖಚಿತವಾಗಿ ಹೇಳುತ್ತದೆ. ಬಂದರು ಮಂಡಳಿಯ ಸದಸ್ಯರೆಲ್ಲ ಒಟ್ಟಾಗಿ ಉತ್ತರದಾಯಿಗಳು. ವ್ಯವಸ್ಥೆ ಸರಿಯಿದೆಯೇ ಎಂದು ಸ್ವತಂತ್ರವಾಗಿ ನೋಡಿ ಮಂಡಳಿಗೇ ನೇರ ವರದಿ ಕೊಡುವ ಒಬ್ಬ ವ್ಯಕ್ತಿ ಇರಬೇಕು. ನಮ್ಮಲ್ಲಿ ಅವಘಡವಾದಾಗ ಮೀನುಗಾರಿಕೆ ಇಲಾಖೆ, ಬಂದರು ಇಲಾಖೆ, ಗುತ್ತಿಗೆದಾರ ಎಂದು ಹೊಣೆ ಸುತ್ತುತ್ತಲೇ ಇರುತ್ತದೆ.

ಬ್ರಿಟನ್ನಿನ ಕಾಗದಪತ್ರಗಳನ್ನೆಲ್ಲ ಮಲ್ಪೆಗೆ ತರಬೇಕಿಲ್ಲ. ಆಳ ಅಳೆಯುವ ಎಕೋ ಸೌಂಡರ್ ನಮ್ಮ ಬೋಟುಗಳಲ್ಲೇ ಇದೆ. ಹೂಳೆತ್ತಿದ ಬಿಲ್ಲಿಗೆ ಘನ ಮೀಟರಿನ ಜೊತೆ ಸಾಧಿಸಿದ ಆಳವನ್ನೂ ಷರತ್ತು ಮಾಡಲಿ. ಪ್ರತಿವರ್ಷ ಮಳೆ ಬಿಡುವು ಕೊಟ್ಟಾಗ, ಆಗಸ್ಟ್ 1ರೊಳಗೆ, ತಾಂಡೇಲರನ್ನು ಜೊತೆಗಿಟ್ಟುಕೊಂಡು ಅಳಿವೆಯನ್ನು ಅಳೆದು ನಕ್ಷೆಯನ್ನು ಹರಾಜು ಕಟ್ಟೆಯಲ್ಲಿ ತೂಗುಹಾಕಲಿ, ಕೆಳಗೆ ಅಳೆದ ದಿನಾಂಕ ಮತ್ತು ಹೊಣೆ ಹೊತ್ತ ಅಧಿಕಾರಿಯ ಹೆಸರಿನೊಂದಿಗೆ.