ಜಾಲಿ ಮರದ ಟೊಳ್ಳಿಗೆ ಐದು ಸಾಲು

ಲೇತಿನಲ್ಲಿ ಹೊರಮೈ ಕಡೆಯುವುದು ಕೈವಶವಾದ ಮೇಲೆ ಹವ್ಯಾಸಿಗೆ ಎದುರಾಗುವ ಪ್ರಶ್ನೆ: ಒಳಗೆ ಟೊಳ್ಳು ಕೊರೆಯಲು ಯಾವ ಸಲಕರಣೆ ಕೊಳ್ಳಬೇಕು? ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಸುತ್ತ ಮನೆಯಲ್ಲೇ ಲೇತ್ ಇಟ್ಟುಕೊಂಡವರಿಗಾಗಿ ನನ್ನ ಉತ್ತರವನ್ನು ಐದು ಸಾಲಿನಲ್ಲಿ ಕಟ್ಟಿ, ಒಂದೊಂದನ್ನೂ ಬಿಡಿಸಿದ್ದೇನೆ.

೧. ಮರ ನೋಡಿ ಆಳ ಹೇಳು.

ಸಲಕರಣೆಯ ಆಯ್ಕೆ ಅಂಗಡಿಯಲ್ಲಿ ಶುರುವಾಗುವುದಿಲ್ಲ, ಸೌದೆ ರಾಶಿಯಲ್ಲಿ ಶುರುವಾಗುತ್ತದೆ. ನಮ್ಮ ಕಡೆ ಸುಲಭಕ್ಕೆ ಸಿಗುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ 19ನೇ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ಬಂದ ಈ ಮುಳ್ಳುಗಿಡ ಬೀಳುಭೂಮಿ, ಕಾಲುವೆ ದಂಡೆಗಳನ್ನೆಲ್ಲ ಹಬ್ಬಿ, ಕಡಿದಷ್ಟೂ ಒಲೆಗೆ, ಇದ್ದಿಲಿಗೆ ಹೋಗುತ್ತಿದೆ. ಇದೇ ಕುಲದ ಮೆಸ್ಕೀಟ್ ಟೆಕ್ಸಾಸಿನ ಕಡೆಸಲುಗಾರರಿಗೆ ಅಚ್ಚುಮೆಚ್ಚು. ಒಣಗುವಾಗ ಅದು ಕುಗ್ಗುವುದು ಕಡಿಮೆ. ಹಾಗಾಗಿ ಕಡೆದ ಪಾತ್ರೆಯ ಬಾಯಿ ಸೊಟ್ಟಗಾಗುವುದೂ ಕಡಿಮೆ. ಜಾಲಿಗೂ ಆ ಗುಣವುಂಟು.

ಆದರೆ ಜಾಲಿಯ ಕಾಂಡ ಡೊಂಕು, ನಡುವೆ ಸೀಳು. ತಿರುಳನ್ನೂ ಬಿರುಕನ್ನೂ ಬಿಟ್ಟು ಕೊಯ್ದರೆ ಉಳಿಯುವುದು ಹೆಚ್ಚಾಗಿ 100ರಿಂದ 125 ಮಿ.ಮೀ. ದಪ್ಪದ ತುಂಡು. ಅದರಲ್ಲಿ ಕೊರೆಯುವ ಆಳ 100 ಮಿ.ಮೀ. ದಾಟುವುದು ಅಪರೂಪ. ಈ ಅಳತೆಯೇ ಮುಂದಿನದನ್ನೆಲ್ಲ ತೀರ್ಮಾನಿಸುತ್ತದೆ.

೨. ಆಳ ನೋಡಿ ಸರಳು ಆರಿಸು.

ಟೊಳ್ಳು ಕೊರೆಯುವ ಉಳಿಯೆಂದರೆ ತುದಿಯಲ್ಲಿ ಮೊನೆ ಕೂರಿಸಿದ ಸರಳು. ಟೂಲ್ ರೆಸ್ಟಿನ ಅಂಚಿನಿಂದ ಮೊನೆಯವರೆಗಿನ ಅಂತರವೇ ಇಲ್ಲಿ ಮುಖ್ಯ. ಆ ಅಂತರ ಎರಡು ಪಟ್ಟಾದರೆ, ಅದೇ ಒತ್ತಡಕ್ಕೆ ಸರಳು ಎಂಟು ಪಟ್ಟು ಬಾಗುತ್ತದೆ. 50 ಮಿ.ಮೀ. ಆಳದಲ್ಲಿ ಸದ್ದಿಲ್ಲದೆ ಕೊರೆದ ಉಳಿ 100ಕ್ಕೆ ಇಳಿದಾಗ ಗಡಗಡ ನಡುಗುವುದು ಇದರಿಂದಲೇ. ಒಳಗೋಡೆಯಲ್ಲಿ ಸುರುಳಿ ಗೀರು ಕಂಡರೆ ಕೈಯನ್ನು ದೂರಬೇಡಿ, ಸರಳಿನ ದಪ್ಪ ನೋಡಿ.

ಪರಿಹಾರವೂ ಲೆಕ್ಕದಲ್ಲೇ ಇದೆ. ದುಂಡು ಸರಳನ್ನು 12 ಮಿ.ಮೀ.ನಿಂದ 18ಕ್ಕೆ ಏರಿಸಿದರೆ ಬಿಗುವು ಸುಮಾರು ಐದು ಪಟ್ಟು ಹೆಚ್ಚುತ್ತದೆ. ನಮ್ಮ ಜಾಲಿ ತುಂಡಿಗೆ 16 ಮಿ.ಮೀ. ಸರಳು ಸಾಕು, ಪಾತ್ರೆಯ ಬಾಯಿ 35 ಮಿ.ಮೀ. ಇದ್ದರೆ ಅದು ಹೊಟ್ಟಿನೊಂದಿಗೆ ಸಲೀಸಾಗಿ ಆಡುತ್ತದೆ. ಹಿಡಿ ಮಾತ್ರ ಉದ್ದವಿರಲಿ, ಅರ್ಧ ಮೀಟರಿನಷ್ಟು.

ಮೊನೆಯ ವಿಷಯ: ಚನ್ನಪಟ್ಟಣದವರು ಕಡೆಯುವ ಹಾಲೆ ಮರ ಮೆದು, ಜಾಲಿ ಗಟ್ಟಿ. ಕಾರ್ಬೈಡ್ ಟಿಪ್ ಬಹಳ ಹೊತ್ತು ಹರಿತ ಉಳಿಸಿಕೊಳ್ಳುತ್ತದೆ. ಹೈಸ್ಪೀಡ್ ಸ್ಟೀಲ್ ಬಿಟ್ ಬೇಗ ಮೊಂಡಾದರೂ ಮನೆಯ ಗ್ರೈಂಡರಿನಲ್ಲೇ ಸಾಣೆ ಹಿಡಿಯಬಹುದು. ಸರಳಿನ ತುದಿಗೆ ತೂತು ಹಾಕಿಸಿ, ಸ್ಕ್ರೂನಿಂದ ಬಿಟ್ ಕೂರಿಸುವ ಕೆಲಸ ಮೆಷಿನ್ ಶಾಪಿನವರಿಗೆ ದೊಡ್ಡದಲ್ಲ.

೩. ನೆಟ್ಟನೆಯದು ಮೊದಲು, ಕೊಕ್ಕೆ ಆಮೇಲೆ.

ಬಾಯಿ ಅಗಲವಿರುವ ಡಬ್ಬಿ, ಬಟ್ಟಲುಗಳಿಗೆ ನೆಟ್ಟನೆಯ ಸರಳೇ ಸಾಕು. ಬಾಯಿ ಕಿರಿದಾಗಿ ಭುಜ ಅಗಲವಾದ ಹೂದಾನಿಗೆ ತುದಿ ಬಾಗಿದ ಸರಳು, ಅಂದರೆ ಕೊಕ್ಕೆ ಬೇಕು. ಸಣ್ಣ ಬಾಯೊಳಗೆ ಬಾಗಿದ ಉಳಿ ತೂರಿಸಿ ತೆಳ್ಳನೆಯ ಟೊಳ್ಳು ಪಾತ್ರೆ ಕಡೆಯುವುದನ್ನು 1970ರ ದಶಕದಿಂದ ಬೆಳೆಸಿದವರಲ್ಲಿ ಅಮೆರಿಕದ ಡೇವಿಡ್ ಎಲ್ಸ್‌ವರ್ತ್ ಮುಖ್ಯರು.

ಕೊಕ್ಕೆಯ ಅಪಾಯ ಹೀಗೆ: ಮೊನೆ ಸರಳಿನ ನೇರದಿಂದ ಪಕ್ಕಕ್ಕೆ ಸರಿದಿರುತ್ತದೆ, ತಿರುಗುವ ಮರ ಮೊನೆಯನ್ನು ಕೆಳಗೆ ಒತ್ತಿದಾಗ ಇಡೀ ಸರಳು ಹೊರಳುತ್ತದೆ, ಹೊಡೆತ ಮಣಿಕಟ್ಟಿಗೆ. ಅದಕ್ಕೇ ಬಾಗಿದ ಭಾಗವನ್ನು ಟೂಲ್ ರೆಸ್ಟಿನ ಮೇಲೆ ಎಂದೂ ಇಡಬಾರದು. ಅಲ್ಲಿ ಕೂರಬೇಕಾದ್ದು ನೇರ ಭಾಗ. ಕೊಳ್ಳುವಾಗ ಬಾಗಿ ಮತ್ತೆ ತಿರುಗಿ, ಮೊನೆ ಸರಳಿನ ನೇರಕ್ಕೇ ಬಂದು ನಿಲ್ಲುವ ನಮೂನೆ ಆರಿಸಿ. ಅದು ಹೊರಳುವುದು ಕಡಿಮೆ.

೪. ಕೈ ಸೋಲುವಲ್ಲಿ ತೋಳು ಕಟ್ಟು.

ಕೀಲುತೋಳಿಗೆ ಅಥವಾ ಹಿಂಬದಿಯ ಚೌಕಟ್ಟಿಗೆ ಸರಳನ್ನು ಸಿಕ್ಕಿಸುವ ವ್ಯವಸ್ಥೆಯಲ್ಲಿ ಹೊರಳುವ ಬಲವೆಲ್ಲ ಕಬ್ಬಿಣದ ಪಾಲು. ಕೈಗೆ ದಾರಿ ತೋರುವ ಕೆಲಸ ಮಾತ್ರ. ಆಳ 150 ಮಿ.ಮೀ. ದಾಟಿದರೆ, ಅಥವಾ ಮಣಿಕಟ್ಟು ನೋಯುತ್ತಿದ್ದರೆ, ಅದು ಬೇಕೇ ಬೇಕು. ಆದರೆ ಅದಕ್ಕೆ ಲೇತಿನ ಬೆಡ್ ಉದ್ದವಿರಬೇಕು, ಸೆಂಟರಿನ ಎತ್ತರ ಹೊಂದಬೇಕು. ಗಿಡ್ಡ ಬೆಡ್ಡಿನ ಮಿನಿ ಲೇತಿನಲ್ಲಿ ಜಾಗವೇ ಸಾಲದು. ಅಷ್ಟು ಆಳ ಸಿಗದ ಜಾಲಿ ಕಡೆಯುವವರು ತೋಳಿಗೆ ಹಾಕುವ ಹಣವನ್ನು ಮೊದಲು ಒಳ್ಳೆಯ ನಾಲ್ಕು ಹಲ್ಲಿನ ಚಕ್‌ಗೆ ಹಾಕಲಿ. ಹಿಡಿತ ಸಡಿಲವಾದರೆ ಯಾವ ಸರಳೂ ಕಾಪಾಡದು.

೫. ಹೊಟ್ಟು ತೆಗೆ, ಗೋಡೆ ಅಳೆ, ಮತ್ತೆ ಕೊರೆ.

ನಿಲುವು ಎಳೆಯ, ಅಂದರೆ ಎಳೆ ಲೇತಿನ ಉದ್ದಕ್ಕೆ ನೇರವಾಗಿರುವ ತುಂಡಿಗೆ ಮೊದಲು ನಡುವೆ ಡ್ರಿಲ್ ಹಾಕಿ, ಅಲ್ಲಿಂದ ಹೊರಕ್ಕೆ ಕೊರೆಯುತ್ತ ಬನ್ನಿ. ಮೊನೆ ನಡುಗೆರೆಗಿಂತ ಕೂದಲೆಳೆಯಷ್ಟು ಮೇಲಿರಲಿ. ಆಗ ಸರಳು ಬಾಗಿದರೂ ಮೊನೆ ಮರಕ್ಕೆ ಕಚ್ಚದೆ ಬಯಲಿಗೆ ಸರಿಯುತ್ತದೆ. ಕಿರುಬಾಯಿಯ ಪಾತ್ರೆಯೊಳಗೆ ಹೊಟ್ಟು ತುಂಬಿದರೆ ಉಳಿ ಸಿಕ್ಕಿಹಾಕಿಕೊಂಡು ಪಾತ್ರೆ ಒಡೆಯುತ್ತದೆ. ಲೇತ್ ನಿಲ್ಲಿಸಿಯೇ ಹೊಟ್ಟು ತೆಗೆಯಿರಿ, ನಿಲ್ಲಿಸಿಯೇ ಕ್ಯಾಲಿಪರಿನಿಂದ ಗೋಡೆ ಅಳೆಯಿರಿ. ಮುಖಕ್ಕೆ ಪೂರ್ತಿ ಗುರಾಣಿ, ಮೂಗಿಗೆ ಮಾಸ್ಕ್ ಇರಲಿ. ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಕೈಗವಸು ಯಾವುದೂ ಬೇಡ.

ಒಟ್ಟಿನಲ್ಲಿ ಚಕ್, 16 ಮಿ.ಮೀ. ನೆಟ್ಟನೆಯ ಸರಳು, ಅದೇ ದಪ್ಪದ ಒಂದು ಕೊಕ್ಕೆ, ಕ್ಯಾಲಿಪರ್, ಮುಖಗುರಾಣಿ: ನಮ್ಮ ನೆಲದ ಮರಕ್ಕೆ ಇಷ್ಟು ಸಾಕು. ಇದ್ದಿಲಾಗಲಿದ್ದ ಜಾಲಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂಥ ಪಾತ್ರೆ ಮಾಡಬಹುದೆಂದು ತೋರಿಸಬೇಕಾದವರು ನಾವೇ.