ಮಾಯಾ ರಾವ್ ಪರಂಪರೆ: ನೃತ್ಯ ಕಟ್ಟುವ ವಿದ್ಯೆ ಮತ್ತು ಅದರ ಮಿತಿ

ಶಾಸ್ತ್ರೀಯ ನೃತ್ಯದಲ್ಲಿ ಕೃತಿಯನ್ನು ಕಟ್ಟುವ ಕೆಲಸ ಬಹುಕಾಲ ಗುರುವಿನ ಕೈಯಲ್ಲೇ ಇತ್ತು. ಶಿಷ್ಯರು ಗುರು ಕಟ್ಟಿಕೊಟ್ಟದ್ದನ್ನು ಕಲಿತು ಒಪ್ಪಿಸುತ್ತಿದ್ದರೇ ಹೊರತು, ಕಟ್ಟುವ ಬಗೆಯನ್ನೇ ಪಾಠವಾಗಿ ಕಲಿಯುವ ಏರ್ಪಾಡು ವಿರಳವಾಗಿತ್ತು. ಕೊರಿಯಾಗ್ರಫಿ ಎಂದು ಕರೆಯಲಾಗುವ ಈ ನೃತ್ಯ ಸಂಯೋಜನೆಯನ್ನು ಶಾಲೆಯ ಶಿಸ್ತಿಗೆ ಒಳಪಡಿಸಿದವರಲ್ಲಿ ಬೆಂಗಳೂರಿನ ಮಾಯಾ ರಾವ್ (1928–2014) ಮೊದಲ ಸಾಲಿನವರು. ಸೋಹನ್‌ಲಾಲ್, ಸುಂದರ್ ಪ್ರಸಾದ್, ಶಂಭು ಮಹಾರಾಜ್ ಅವರಲ್ಲಿ ಕಥಕ್ ಕಲಿತು, 1960ರ ದಶಕದ ಆರಂಭದಲ್ಲಿ ಮಾಸ್ಕೋದಲ್ಲಿ ಸಂಯೋಜನೆಯನ್ನು ಅಭ್ಯಸಿಸಿದ ಅವರು, 1964ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ ದೆಹಲಿಯಲ್ಲಿ ಸಂಯೋಜನೆ ಕಲಿಸುವ ಸಂಸ್ಥೆಯನ್ನು ಆರಂಭಿಸಿ, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು.

ಈ ಪಾಠದ ಸ್ವರೂಪ ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. 16 ಮಾತ್ರೆಗಳ ತೀನ್‌ತಾಲದಲ್ಲಿ ಒಬ್ಬ ಕಥಕ್ ಕಲಾವಿದೆ ತತ್ಕಾರ್ ಹಾಕಿ, ಎಂದರೆ ಪಾದಘಾತದ ಬೋಲುಗಳನ್ನು ನುಡಿಸಿ, ಚಕ್ಕರ್ ತಿರುಗಿ ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಬಂದು ನಿಂತರೆ ಸಭೆ ಚಪ್ಪಾಳೆ ತಟ್ಟುತ್ತದೆ. ಆ 16 ಮಾತ್ರೆಗಳ ಆವರ್ತನವನ್ನೇ ಎಂಟು ಮಂದಿಗೆ ಹಂಚಿದಾಗ ಯಾರು ಯಾವ ಪಕ್ಕದಿಂದ ಪ್ರವೇಶಿಸಬೇಕು, ಯಾರು ನಿಶ್ಚಲರಾಗಿರಬೇಕು, ಬೆಳಕು ಎಲ್ಲಿ ಬೀಳಬೇಕು ಎಂಬ ಪ್ರಶ್ನೆಗಳು ಏಳುತ್ತವೆ, ಅವಕ್ಕೆ ತಾಳಜ್ಞಾನವೊಂದೇ ಉತ್ತರ ಕೊಡಲಾರದು. ಸಂಯೋಜಕನಿಗೆ ಸಂಗೀತ, ಸಾಹಿತ್ಯ, ರಂಗಸಜ್ಜಿಕೆಗಳ ತಿಳಿವೂ ಬೇಕೆಂಬ ಮಾಯಾ ರಾವ್ ಅವರ ನಿಲುವಿಗೆ ಕಾರಣವಿದು. ಅವರ ‘ಹೊಯ್ಸಳ ವೈಭವ’, ‘ತುಲಸೀ ಕೇ ರಾಮ್’, ‘ವೆನಿಸ್ ಕಾ ಸೌದಾಗರ್’ ಮೊದಲಾದವು ಹಲವು ಭಾಷೆ, ಹಲವು ಮೂಲಗಳಿಗೆ ಕೈಚಾಚಿದ ರಚನೆಗಳು. ಆದರೂ ಅವುಗಳಲ್ಲಿ ಕಥೆಯ ಹಾಗೂ ವೈಭವದ ಭಾರ ಹೆಚ್ಚು. ಅವರ ನಿಜವಾದ ಸಾಧನೆ ಬೋಧನೆಯಲ್ಲೇ ಇದೆ ಎಂದರೆ ಅಗೌರವವಾಗದು. ಕಥೆಯ ಹಂಗು ಕಳಚುವ ಕೆಲಸವನ್ನು, 1995ರಲ್ಲಿ ಸ್ಟೆಮ್ ಡಾನ್ಸ್ ಕಂಪನಿ ಕಟ್ಟಿದ ಮಗಳು ಮಧು ನಟರಾಜ್ ಸಮಕಾಲೀನ ನೃತ್ಯದ ಮೂಲಕ ಕೈಗೆತ್ತಿಕೊಂಡರು.

ಸಾಮಾಜಿಕ ಪರಿಣಾಮದ ಮಾತು ಬಂದಾಗ ಲೆಕ್ಕ ಅಷ್ಟು ಸರಳವಲ್ಲ. ಹೆಣ್ಣುಮಕ್ಕಳು ನೃತ್ಯವನ್ನು ಹವ್ಯಾಸವಾಗಿ ಮಾತ್ರವಲ್ಲದೆ ವೃತ್ತಿಯಾಗಿಯೂ ನಡೆಸಬಹುದೆಂಬುದನ್ನು ಈ ಪರಂಪರೆ ತೋರಿಸಿಕೊಟ್ಟಿತು, ನಿಜ. ಆದರೆ ಅದರ ಫಲ ಬೆಂಗಳೂರನ್ನು ದಾಟಿ ಬಂದದ್ದು ಅಲ್ಪ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಂಥ ಕಡೆ ಸಂಜೆ ಗೆಜ್ಜೆ ಕಟ್ಟುವ ಮಕ್ಕಳ ಮುಂದೆ ಸಾಮಾನ್ಯವಾಗಿ ಇರುವುದು ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಮೆಟ್ಟಿಲು; ಭರತನಾಟ್ಯದ ಅಲರಿಪು, ಜತಿಸ್ವರ, ವರ್ಣಗಳನ್ನು ತಪ್ಪಿಲ್ಲದೆ ಒಪ್ಪಿಸಿದವರು ತೇರ್ಗಡೆಯಾಗುತ್ತಾರೆ, ಸ್ವಂತವಾಗಿ ನಾಲ್ಕು ಆವರ್ತನ ಕಟ್ಟಿ ತೋರಿಸೆಂದು ಕೇಳುವವರು ಕಡಿಮೆ. ನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಪೋಷಿಸಿದ ಈ ಊರಿಗೆ ರಂಗದ ಮೇಲಿನ ಚಲನೆಯ ಅಭಿರುಚಿ ಇಲ್ಲವೆಂದು ಯಾರೂ ಹೇಳಲಾರರು. ಮಾಯಾ ರಾವ್ ದೆಹಲಿಯಲ್ಲಿ ಸಂಸ್ಥೆ ತೆರೆದ 1964ರಲ್ಲೇ ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಆರಂಭವಾಯಿತು. ಬಣ್ಣ ಮತ್ತು ರೇಖೆಗಳಲ್ಲಿ ರಚಿಸುವುದನ್ನು ಅಷ್ಟು ಕಾಲದಿಂದ ಕಲಿಸುತ್ತ ಬಂದ ಆ ಮಹಾವಿದ್ಯಾಲಯ ಇಂದು ದಾವಣಗೆರೆ ವಿಶ್ವವಿದ್ಯಾಲಯದ ಅಂಗವಾಗಿದೆ. ನೃತ್ಯ ಸಂಯೋಜನೆಗೊಂದು ತರಗತಿಯನ್ನು ಅದರ ಪಕ್ಕದಲ್ಲೇ ತೆರೆಯುವ ಕುರಿತು ವಿಶ್ವವಿದ್ಯಾಲಯವೂ ಜಿಲ್ಲೆಯ ನೃತ್ಯಗುರುಗಳೂ ಕೂತು ಮಾತನಾಡಬೇಕು.