ಮಸುಂತೆಗೆ ಹೋಗುವುದಾದರೆ ವಾರದ ನಡುವೆ ಹೋಗಿ

ಮೆಕ್ಸಿಕೋದ ಕಡಲು ಎಂದರೆ ಸಾಕು, ಟ್ರಾವೆಲ್ ಏಜೆಂಟರ ಬಾಯಲ್ಲಿ ಬರುವುದು ಕಾನ್‌ಕೂನ್. ಮುಂಗೈಗೆ ಹೋಟೆಲಿನ ಪಟ್ಟಿ ಕಟ್ಟಿಸಿಕೊಂಡು ಬಫೆ ಸಾಲಿನಲ್ಲಿ ನಿಲ್ಲುವ ಆಸೆಯಿದ್ದವರು ಅಲ್ಲಿಗೇ ಹೋಗಲಿ, ನನ್ನದೇನೂ ತಕರಾರಿಲ್ಲ. ಸುಮ್ಮನೆ ಕೂರಲು ಬರುವವರಿಗೆ ನನ್ನ ಶಿಫಾರಸು ಮಸುಂತೆ: ದಕ್ಷಿಣದ ವಹಾಕಾ ರಾಜ್ಯದಲ್ಲಿ ಪೆಸಿಫಿಕ್ ದಂಡೆಗೆ ಅಂಟಿಕೊಂಡ ಪುಟ್ಟ ಊರು.

ಇಲ್ಲಿನ ನೆಮ್ಮದಿ ತಾನಾಗಿ ಬಂದದ್ದಲ್ಲ. ಒಂದು ಕಾಲಕ್ಕೆ ಊರು ಉಂಡದ್ದೇ ಕಡಲಾಮೆ ಕೊಂದು. ಪಕ್ಕದ ಸಾನ್ ಅಗುಸ್ತಿನಿಯೊದಲ್ಲಿ ಆಮೆಗಳಿಗೆಂದೇ ಕಸಾಯಿಖಾನೆ ಇತ್ತು. ಮಾಂಸಕ್ಕೂ ಚರ್ಮಕ್ಕೂ ಗಿರಾಕಿಗಳಿದ್ದರು. 1990ರಲ್ಲಿ ಸರ್ಕಾರ ಆಮೆ ಬೇಟೆ ನಿಷೇಧಿಸಿತು, ಊರಿಗೆ ಊರೇ ಕಸುಬು ಕಳೆದುಕೊಂಡಿತು. ಆಮೇಲೆ ಬಂದದ್ದು ಆಮೆ ಸಂಶೋಧನೆಯ ಕೇಂದ್ರ, ಬಾಡಿ ಶಾಪ್‌ನ ಅನಿತಾ ರಾಡಿಕ್ ಅವರ ನೆರವಿನಿಂದ ಊರವರೇ ಶುರುಮಾಡಿದ ಸೋಪು, ಶ್ಯಾಂಪೂ ಸಹಕಾರಿ, ಜತೆಗೆ ಪ್ರವಾಸಿಗರು. ಆಮೆಗಳೂ ನಮಗೆ ಹೊಸಬರಲ್ಲ. ಹೊನ್ನಾವರದ ಕಾಸರಕೋಡಿನ ಮರಳಿಗೆ ಮೊಟ್ಟೆಯಿಡಲು ಬರುತ್ತವಲ್ಲ, ಅದೇ ಆಲಿವ್ ರಿಡ್ಲಿ. ನಮ್ಮಲ್ಲಿ ಒಂಟೊಂಟಿಯಾಗಿ ಬಂದರೆ, ಇಲ್ಲಿಗೆ ಹತ್ತಿರದ ಎಸ್ಕೊಬಿಯಾ ದಂಡೆಗೆ ಮಳೆಗಾಲದ ಕೆಲವು ರಾತ್ರಿ ಸಾವಿರಗಟ್ಟಲೆ ಒಟ್ಟಿಗೆ ಏರಿಬರುತ್ತವೆ.

ಈಜುವುದಾದರೆ ದಂಡೆಯ ಪಶ್ಚಿಮ ತುದಿಯ ರಿನ್‌ಕೊನ್‌ಸಿತೊ ಎಂಬ ಮೂಲೆಯಲ್ಲಿ. ಬಂಡೆಗಳ ಆಸರೆಯಿಂದ ಅಲೆ ಅಲ್ಲಿ ಮೆತ್ತಗೆ. ಗುಡ್ಡದಾಚೆಯ ಮೆರ್ಮೆಹಿತಾ ನೋಡಲು ಚಂದ, ನೀರಿಗಿಳಿಯಲು ಅಲ್ಲ. ನೆರೆಯ ಸಿಪೊಲಿತೆಯ ಸೆಳೆತಕ್ಕಂತೂ ಒಳ್ಳೆಯ ಈಜುಗಾರರೂ ಬಲಿಯಾಗಿದ್ದಾರೆ. ಕಡಲಿಗೆ ಚಾಚಿದ ಪುಂತಾ ಕೊಮೆತಾ ಭೂಶಿರಕ್ಕೆ ಎಲ್ಲರೂ ಸೂರ್ಯಾಸ್ತಕ್ಕೆ ಹತ್ತುತ್ತಾರೆ, ಗಿಟಾರ್ ಸಮೇತ. ನಾನಂತೂ ಬೆಳಗಿನ ಪಕ್ಷ. ಬಿಸಿಲೇರುವ ಮುನ್ನ ಹೋದರೆ ಜಾಗವೆಲ್ಲ ನಿಮ್ಮದೇ. ಚಳಿಗಾಲದಲ್ಲಿ ಅದೃಷ್ಟವಿದ್ದರೆ ತಿಮಿಂಗಿಲದ ಬೆನ್ನೂ ಕಂಡೀತು.

ಊಟಕ್ಕೆ ತ್ಲಾಯುದಾ. ಅಗಲವಾದ, ತೆಳ್ಳನೆಯ ಮೆಕ್ಕೆಜೋಳದ ರೊಟ್ಟಿ. ಅದರ ಮೇಲೆ ಕರಿ ಬೀನ್ಸಿನ ಗೊಜ್ಜು, ನೂಲಿನಂತೆ ಎಳೆಯೆಳೆಯಾಗಿ ಬಿಡಿಸಿದ ಚೀಸ್, ಕೋಸು. ಮಡಚಿ ಇದ್ದಿಲ ಕೆಂಡದ ಮೇಲಿಡುತ್ತಾರೆ. ಅಂಚು ಹಪ್ಪಳದಂತೆ ಗರಿಗರಿ, ಒಳಗೆ ಚೀಸ್ ಕರಗಿ ಬೀನ್ಸಿಗೆ ಅಂಟಿರುತ್ತದೆ. ಸಸ್ಯಾಹಾರಿಗಳು ಗಮನಿಸಬೇಕು: ರೊಟ್ಟಿಗೆ ಮೊದಲು ಸವರುವುದು ಹಂದಿಯ ಕೊಬ್ಬು. ಮಾಂಸ ಬೇಡ ಎಂದರಷ್ಟೇ ಸಾಲದು; ‘ಸಿನ್ ಅಸಿಯೆಂತೊ’ ಎಂದು ಬಿಡಿಸಿ ಹೇಳಬೇಕು. ಬೀನ್ಸ್ ಯಾವುದರಲ್ಲಿ ಬೆಂದಿದೆಯೆಂದು ಕೇಳಿಕೊಂಡರೆ ಇನ್ನೂ ಕ್ಷೇಮ.

ಇಷ್ಟು ದಿನ ಈ ಊರನ್ನು ಕಾದದ್ದು ಮಾತ್ರ ಕಾನೂನಿಗಿಂತ ಹೆಚ್ಚಾಗಿ ಕೆಟ್ಟ ದಾರಿ. ವಹಾಕಾ ನಗರದಿಂದ ಕಡಲಿಗಿಳಿಯಲು ಸಿಯೆರಾ ಮಾದ್ರೆ ಘಟ್ಟದ ತಿರುವುಗಳಲ್ಲಿ ಆರು ತಾಸಿಗೂ ಹೆಚ್ಚು ಹೊಟ್ಟೆ ತೊಳಸಿಕೊಂಡು ಬರಬೇಕಿತ್ತು. ಅಷ್ಟು ಕಷ್ಟಪಟ್ಟು ಬಂದವರು ಬೇಗ ಹೊರಡುತ್ತಲೂ ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಪ್ರಯಾಣ ಅರ್ಧಕ್ಕಿಳಿದಿದೆ. ರೋಗಿಯನ್ನು ನಗರದ ಆಸ್ಪತ್ರೆಗೆ ಒಯ್ಯಬೇಕಾದವರಿಗೆ ಅದು ವರವೇ. ದಾರಿ ಕೆಟ್ಟದ್ದೇ ಇರಲಿ ಎನ್ನಲು ನಾನ್ಯಾರು? ಆದರೆ ಈಗ ಶುಕ್ರವಾರ ಸಂಜೆ ಹೊರಟು ಭಾನುವಾರ ಮರಳುವ ಜನ ಹುಟ್ಟಿಕೊಂಡಿದ್ದಾರೆ. ಹಾಗಾಗಿ ಸೋಮವಾರ ಬಂದು ಗುರುವಾರ ಹೊರಡಿ. ಕ್ರಿಸ್‌ಮಸ್, ಈಸ್ಟರ್ ವಾರಗಳ ಹತ್ತಿರ ಸುಳಿಯಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲ: ಅಲ್ಲಿನ ವೀಸಾ ಚಾಲ್ತಿಯಲ್ಲಿದ್ದರೆ ಪ್ರವಾಸಕ್ಕೆ ಮೆಕ್ಸಿಕೋದ ವೀಸಾ ಬೇರೆ ಬೇಡ. ವಾತುಲ್ಕೊ ವಿಮಾನ ನಿಲ್ದಾಣದಲ್ಲಿ ಇಳಿದು ಪೊಚುತ್ಲಾಕ್ಕೆ ಬನ್ನಿ. ಅಲ್ಲಿಂದ ಹಿಂಬದಿಗೆ ಟಾರ್ಪಾಲು ಹೊದಿಸಿ ಎರಡು ಬೆಂಚು ಹಾಕಿದ ಪಿಕಪ್‌ಗಳು ಹೊರಡುತ್ತವೆ. ಹತ್ತುವ ಮುನ್ನ ಪೊಚುತ್ಲಾದಲ್ಲೇ ಸಾಕಷ್ಟು ಪೆಸೊ ಬಿಡಿಸಿಕೊಳ್ಳಿ. ತ್ಲಾಯುದಾ ಅಂಗಡಿಯಲ್ಲಿ ಕಾರ್ಡು ನಡೆಯುತ್ತದೆಂದು ನೆಚ್ಚಬೇಡಿ.